ಚಿಕ್ಕ ಮನೆಗೆ ತೆರೆಯುವ ಕಿಟಕಿ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಊಟದ ವಿಷಯದಲ್ಲಿ ನಾವು ವಹಿಸುವ ಎಚ್ಚರ ಸಣ್ಣದಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವೆ, ನೀರನ್ನು ಕಾಯಿಸಿ ಸೋಸುತ್ತೇವೆ, ತರಕಾರಿಯನ್ನು ಎರಡು ಬಾರಿ ತೊಳೆಯುತ್ತೇವೆ. ಆದರೆ ದಿನವೊಂದಕ್ಕೆ ನಾವು ಸೇವಿಸುವ ಅನ್ನಪಾನಗಳನ್ನೆಲ್ಲ ಕೂಡಿಸಿದರೂ ಅದು ಮೂರು ನಾಲ್ಕು ಕಿಲೋಗ್ರಾಂಗಳಷ್ಟೇ. ಅದೇ ಅವಧಿಯಲ್ಲಿ ವಯಸ್ಕನೊಬ್ಬನು ಒಳಗೆಳೆದುಕೊಳ್ಳುವ ಗಾಳಿ ಸುಮಾರು 10,000 ಲೀಟರ್. ತೂಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 12 ಕಿಲೋಗ್ರಾಂ. ಇಷ್ಟು ದೊಡ್ಡ ಪ್ರಮಾಣದಲ್ಲಿ ದೇಹದೊಳಗೆ ಹೋಗುವ ವಸ್ತುವಿನ ಬಗ್ಗೆ ನಮ್ಮ ಗಮನ ಮಾತ್ರ ಅತ್ಯಲ್ಪವೆಂದು ಒಪ್ಪಿಕೊಳ್ಳಬೇಕಾಗಿದೆ.

ನಾಡಿನಲ್ಲಿದ್ದಾಗ ಈ ಗಮನದ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಮನೆಯ ರಚನೆಯೇ ಆ ಕೆಲಸವನ್ನು ಮಾಡಿಕೊಡುತ್ತಿತ್ತು. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ನಡುವಿನ ತೊಟ್ಟಿಯೇ ಆಕಾಶಕ್ಕೆ ತೆರೆದ ಬಾಗಿಲು. ಕರಾವಳಿಯ ಮನೆಗಳ ಮಾತೂ ಹಾಗೆಯೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹರಡಿದ ಹೆಂಚಿನ ಮಾಡುಗಳಲ್ಲಿ, ಸಂದುಸಂದುಗಳ ಮೂಲಕ ಬಿಸಿಗಾಳಿ ತಾನಾಗಿಯೇ ಹೊರಗೆ ಹೋಗುತ್ತಿತ್ತು. ಅಡಿಗೆಮನೆಗೆ ಬೆಳಕಿಂಡಿ ಇಲ್ಲದ ಮನೆಯನ್ನು ಯಾರೂ ಕಟ್ಟುತ್ತಿರಲಿಲ್ಲ.

ದೆಹಲಿಯಲ್ಲಿ ನಮಗೆ ದೊರೆತಿರುವ ಮನೆ ಬೇರೆ ಬಗೆಯದು. ಕರೋಲ್‌ಬಾಗ್, ಮುನಿರ್ಕಾಗಳಲ್ಲಾಗಲಿ, ಮಯೂರ ವಿಹಾರ, ದ್ವಾರಕಾಗಳಲ್ಲಾಗಲಿ, ಯಮುನೆಯಾಚೆಯ ನೋಯ್ಡಾದಲ್ಲಾಗಲಿ, ನಮ್ಮಲ್ಲಿ ಅನೇಕರ ವಾಸ ಎರಡು ಮೂರು ಕೋಣೆಗಳ ಫ್ಲಾಟಿನಲ್ಲಿ. ಅದರ ಗೋಡೆಗಳಲ್ಲಿ ಒಂದೆರಡು ಮಾತ್ರ ಬಯಲಿಗೆ ತೆರೆದಿರುತ್ತವೆ. ಉಳಿದವು ನೆರೆಮನೆಯೊಡನೆ ಹಂಚಿಕೊಂಡವು. ಇರುವ ಕಿಟಕಿಗೆ ಒಂದು ಕಡೆ ಕೂಲರು, ಇನ್ನೊಂದು ಕಡೆ ಅಲುಗದ ಗಾಜು, ಒಳಗೆ ದಪ್ಪ ಪರದೆ. ಇಂಥ ಮನೆಗೆ ಗಾಳಿಯ ದಾರಿಯನ್ನು ನಾವೇ ತಿಳಿದು ಮಾಡಿಕೊಡಬೇಕು. ಅದು ಹೇಗೆಂಬುದೇ ಈ ಲೇಖನದ ವಿಷಯ.

ಹಡಗಿನವರು ಕಲಿಸಿದ ಪಾಠ

ಇಕ್ಕಟ್ಟಾದ ಕೋಣೆಯಲ್ಲಿ ಬದುಕುವ ವಿದ್ಯೆಯನ್ನು ಮೊದಲು ಕಲಿತವರು ಹಡಗಿನವರು. ಹಾಯಿಹಡಗಿನ ಒಳಕೋಣೆ ಮರದ ಪೆಟ್ಟಿಗೆಯಂತೆ; ಕೆಳಗೆ ತೇವ, ಮೇಲೆ ಮುಚ್ಚಳ, ನಡುವೆ ಹತ್ತಾರು ಜನರ ಉಸಿರು. ನಾವಿಕರು ಕಿತ್ತಾನಿನ ಬಟ್ಟೆಯಿಂದ ಉದ್ದನೆಯ ಕೊಳವೆಯನ್ನು ಹೊಲಿದು, ಅದರ ಬಾಯನ್ನು ಗಾಳಿ ಬೀಸುವ ದಿಕ್ಕಿಗೆ ಕಟ್ಟಿ, ತಳದ ಕೋಣೆಗೆ ಹೊಸ ಗಾಳಿಯನ್ನು ಇಳಿಸುತ್ತಿದ್ದರು. 1741ರಲ್ಲಿ ಇಂಗ್ಲೆಂಡಿನ ಪಾದ್ರಿ ಹಾಗೂ ವಿಜ್ಞಾನಿ ಸ್ಟೀಫನ್ ಹೇಲ್ಸ್ ಎಂಬಾತನು ತಿದಿಯಂಥ ಗಾಳಿಯಂತ್ರವನ್ನು ರೂಪಿಸಿದನು. ಅದನ್ನು ಹಡಗುಗಳಲ್ಲಿ ಮಾತ್ರವಲ್ಲದೆ ಸೆರೆಮನೆ, ಆಸ್ಪತ್ರೆಗಳಲ್ಲಿಯೂ ಅಳವಡಿಸಿದರು.

ಇಂದಿಗೂ ಚಿಕ್ಕ ಹಾಯಿದೋಣಿಯ ಒಡೆಯನು ತನ್ನ ಕೋಣೆಗೆ ಕಿಟಕಿ ಇಡಿಸುವಾಗ ಎರಡು ಮಾತುಗಳನ್ನು ಮರೆಯುವುದಿಲ್ಲ. ಮೊದಲನೆಯದು, ಬೆಳಕು ಮಾತ್ರ ಕೊಡುವ ಗಾಜು ಬೇರೆ, ತೆರೆಯುವ ಕಿಟಕಿ ಬೇರೆ. ಎರಡನೆಯದು, ಗಾಳಿ ಬರುವುದಕ್ಕೆ ಒಂದು ದಾರಿ ಮಾಡಿದರೆ ಸಾಲದು, ಹೋಗುವುದಕ್ಕೂ ಇನ್ನೊಂದು ದಾರಿ ಬೇಕು. ಮುಂಭಾಗದ ಮುಚ್ಚಳದಿಂದ ಒಳಬಂದ ಗಾಳಿ ಹಿಂಭಾಗದಿಂದ ಹೊರಗೆ ಹೋದಾಗಲೇ ನಡುವೆ ಮಲಗಿದವನಿಗೆ ಉಸಿರು. ನಮ್ಮ ಫ್ಲಾಟಿಗೂ ಈ ಎರಡು ಮಾತುಗಳು ಅಕ್ಷರಶಃ ಸಲ್ಲುತ್ತವೆ.

ಮುಚ್ಚಿದ ಕೋಣೆಯೊಳಗೆ ನಡೆಯುವುದೇನು?

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಮಲಗುವ ಕೋಣೆಯನ್ನು ಭಾವಿಸಿಕೊಳ್ಳೋಣ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 34,000 ಲೀಟರ್. ತಂದೆ, ತಾಯಿ, ಬೆಳೆದ ಮಕ್ಕಳಿಬ್ಬರು ಅಲ್ಲಿ ಮಲಗಿದ್ದಾರೆ. ನಿದ್ರಿಸುವ ಒಬ್ಬೊಬ್ಬರೂ ಗಂಟೆಗೆ ಸುಮಾರು 13 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾರೆ. ಎಂಟು ಗಂಟೆಗಳಲ್ಲಿ ನಾಲ್ವರಿಂದ ಸೇರುವುದು 400 ಲೀಟರಿಗೂ ಹೆಚ್ಚು. ಕೋಣೆಯಲ್ಲಿ ಒಂದು ಬಿರುಕೂ ಇಲ್ಲವೆಂದು ಎಣಿಸಿದರೆ ಬೆಳಗಿನ ಹೊತ್ತಿಗೆ ಅಲ್ಲಿಯ ಗಾಳಿಯಲ್ಲಿ ಶೇಕಡ 1.2ರಷ್ಟು ಈ ಅನಿಲವೇ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇಕಡ 0.04 ಮಾತ್ರ. ಬಾಗಿಲಿನ ಸಂದುಗಳಿಂದಾಗಿ ನಿಜವಾದ ಪ್ರಮಾಣ ಇದಕ್ಕಿಂತ ಕಡಮೆಯಾದರೂ, ಎದ್ದೊಡನೆ ತಲೆಭಾರ, ಜಡತ್ವ, ಸಾಲದ ನಿದ್ರೆಯ ಭಾವನೆ ಇವುಗಳಿಗೆ ಇದೂ ಒಂದು ಕಾರಣವಾಗಬಲ್ಲದು. ಉಸಿರು ಮತ್ತು ಬೆವರಿನ ಮೂಲಕ ಒಂದು ರಾತ್ರಿಗೆ ಲೀಟರಿಗೂ ಮೀರಿದ ನೀರು ಆವಿಯಾಗಿ ಸೇರುವುದರಿಂದ ಚಳಿಗಾಲದ ಗೋಡೆಗಳು ಒದ್ದೆಯಾಗಿ ಬೂಷ್ಟು ಹಿಡಿಯುತ್ತವೆ. ಆ ಬೂಷ್ಟು ಉಬ್ಬಸದವರಿಗೆ ಶತ್ರು.

ಉಸಿರಿನೊಡನೆ ರೋಗವೂ ಹರಡುತ್ತದೆ. ಕ್ಷಯಕ್ಕೆ ಔಷಧವಿಲ್ಲದ ಕಾಲದಲ್ಲಿ ತೆರೆದ ಗಾಳಿಯೇ ಅದರ ಚಿಕಿತ್ಸೆಯ ಮುಖ್ಯ ಅಂಗವಾಗಿತ್ತು. ಮೈಸೂರಿನಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಥಾಪಿತವಾದ ಕ್ಷಯಾರೋಗ್ಯಧಾಮವು ಆ ಕಾಲದ್ದೇ. ಔಷಧಗಳು ಬಂದ ಮೇಲೂ ಗಾಳಿಯ ಮಹತ್ವ ಕುಂದಿಲ್ಲ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಿಟಕಿ ಬಾಗಿಲುಗಳನ್ನು ಪೂರ್ತಿ ತೆರೆದ ಕೋಣೆಗಳಲ್ಲಿ ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿ ಬದಲಾಗುವುದನ್ನು ತೋರಿಸಿತು. 2020ರ ಮಹಾಮಾರಿಯ ತರುವಾಯ, ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ, ಕಟ್ಟಡದೊಳಗೆ ಇರುವ ಪ್ರತಿ ವ್ಯಕ್ತಿಗೂ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ಸೂಚಿಸಿತು. ನಮ್ಮ ಉದಾಹರಣೆಯ ಕೋಣೆಗೆ ಇದನ್ನು ಅನ್ವಯಿಸಿದರೆ, ಕೋಣೆಯಷ್ಟು ಹೊಸ ಗಾಳಿ ಸುಮಾರು ಹದಿನಾಲ್ಕು ನಿಮಿಷಕ್ಕೊಮ್ಮೆ ಒಳಬರಬೇಕಾಗುತ್ತದೆ.

ಅಂಗೀಠಿಯೆಂಬ ಮೃತ್ಯು

ತಲೆಭಾರ, ಬೂಷ್ಟುಗಳು ನಿಧಾನದ ತೊಂದರೆಗಳು. ಒಂದೇ ರಾತ್ರಿಯಲ್ಲಿ ಪ್ರಾಣ ತೆಗೆಯುವುದು ಇನ್ನೊಂದಿದೆ. ಪ್ರತಿ ಚಳಿಗಾಲದಲ್ಲಿಯೂ ದೆಹಲಿಯ ಪತ್ರಿಕೆಗಳಲ್ಲಿ ಇದರ ಸುದ್ದಿಯನ್ನು ಓದುತ್ತೇವೆ: ಇದ್ದಲಿನ ಅಂಗೀಠಿಯನ್ನು ಕೋಣೆಯೊಳಗೆ ಇಟ್ಟುಕೊಂಡು, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದು.

ಕೆಂಡಕ್ಕೆ ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆಯೇ ಇದರ ಮೂಲ. ವಾಸ್ತವದಲ್ಲಿ ಗಾಳಿ ಸಾಲದೆ ಉರಿಯುವ ಕೆಂಡ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುವುದರಿಂದ, ಪುಪ್ಪುಸ ಉಸಿರಾಡುತ್ತಿದ್ದರೂ ಮೆದುಳಿಗೆ ಆಮ್ಲಜನಕ ದೊರೆಯುವುದಿಲ್ಲ. ತಲೆನೋವು, ವಾಕರಿಕೆ, ತೂಕಡಿಕೆ ಇವು ಅದರ ಲಕ್ಷಣಗಳು. ಮನೆಯ ಹಲವರಿಗೆ ಏಕಕಾಲದಲ್ಲಿ ಹೀಗಾದರೆ ಶಂಕಿಸಲೇಬೇಕು. ಬಾಗಿಲು ಕಿಟಕಿಗಳನ್ನು ತೆರೆದು, ರೋಗಿಯನ್ನು ಕೂಡಲೇ ಬಯಲಿಗೆ ತಂದು, 112ಕ್ಕೆ ಕರೆಮಾಡಿ, ಆಮ್ಲಜನಕ ದೊರೆಯುವ ಆಸ್ಪತ್ರೆಗೆ ಸೇರಿಸುವುದು ಪ್ರಥಮ ಕರ್ತವ್ಯ.

ಸ್ನಾನದ ಮನೆಯೊಳಗೆ ಇಟ್ಟ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯವುಂಟು. ಅದರ ಸ್ಥಾನ ಹೊರಗಿನ ಬಾಲ್ಕನಿಯೇ ಹೊರತು ಮುಚ್ಚಿದ ಬಚ್ಚಲಲ್ಲ. ಕಿಟಕಿಯೊಂದು ತೆರೆದಿದೆಯೆಂಬ ಧೈರ್ಯದಿಂದ ಅಂಗೀಠಿಯನ್ನು ಮಲಗುವ ಕೋಣೆಗೆ ತರುವುದೂ ಸಲ್ಲದು. ಇನ್ನೊಂದು ಮಾತು: ನಮ್ಮ ಕಟ್ಟಡದ ಬಾಗಿಲಲ್ಲಿ ರಾತ್ರಿಯಿಡೀ ಕೂರುವ ಕಾವಲುಗಾರನ ತಗಡಿನ ಗೂಡು ದೋಣಿಯ ಕೋಣೆಗಿಂತಲೂ ಚಿಕ್ಕದು. ಅವನಿಗೆ ಒಂದು ಒಳ್ಳೆಯ ಕಂಬಳಿಯನ್ನು ಕೊಟ್ಟು, ಬೆಂಕಿಯನ್ನು ಹೊರಗೇ ಇಡುವಂತೆ ತಿಳಿಹೇಳುವುದು ನಮ್ಮ ಕೈಯಲ್ಲಿರುವ ಧರ್ಮಕಾರ್ಯ.

ಋತುವಿಗೆ ತಕ್ಕ ಕಿಟಕಿ

‘ದೆಹಲಿಯ ಹೊರಗಿನ ಗಾಳಿಯೇ ವಿಷವಾಗಿರುವಾಗ ಕಿಟಕಿ ತೆರೆಯುವುದು ಹೇಗೆ?’ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಗಾಳಿಯಲ್ಲಿನ ಸೂಕ್ಷ್ಮ ಧೂಳಿಗೆ, ಅಂದರೆ ಪಿ.ಎಂ. 2.5ಕ್ಕೆ, ನಮ್ಮ ದೇಶವು ದಿನದ ಸರಾಸರಿಯಾಗಿ ನಿಗದಿಪಡಿಸಿರುವ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ನವೆಂಬರಿನ ದೆಹಲಿಯಲ್ಲಿ ಅದು 200ನ್ನು ದಾಟುವ ದಿನಗಳು ಅಪರೂಪವಲ್ಲ. ಆದರೆ ಉತ್ತರವು ಕಿಟಕಿಯನ್ನು ಆರು ತಿಂಗಳು ಮುಚ್ಚುವುದಲ್ಲ, ಹೊತ್ತನ್ನು ಅರಿತು ತೆರೆಯುವುದು.

ಚಳಿಗಾಲದ ರಾತ್ರಿ ಮತ್ತು ಮುಂಜಾವಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಹೊಗೆ ಮೇಲೇರದೆ ಕೆಳಗೇ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ಮೇಲಕ್ಕೆ ಚದುರುತ್ತದೆ. ಆದಕಾರಣ ಸಾಮಾನ್ಯವಾಗಿ ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆಯವರೆಗಿನ ಕಾಲವೇ ಮೇಲು. ಆಗ ಎದುರುಬದುರಿನ ಕಿಟಕಿಗಳನ್ನು ಹತ್ತು ಹದಿನೈದು ನಿಮಿಷ ಪೂರ್ತಿಯಾಗಿ ತೆರೆದರೆ ಗಾಳಿ ಬದಲಾಗುತ್ತದೆ, ಗೋಡೆ ಮತ್ತು ಸಾಮಾನುಗಳಲ್ಲಿನ ಬಿಸುಪು ಉಳಿಯುತ್ತದೆ. ಬೆಳಗಿನ ವಾಯುವಿಹಾರಕ್ಕೆಂದು ಎದ್ದೊಡನೆ ಎಲ್ಲ ಕಿಟಕಿಗಳನ್ನು ತೆರೆಯುವ ಊರಿನ ಅಭ್ಯಾಸವನ್ನು ಈ ಎರಡು ಮೂರು ತಿಂಗಳು ಬದಿಗಿಡಬೇಕು. ಗಾಳಿ ಶುದ್ಧಿಮಾಡುವ ಯಂತ್ರ ಧೂಳನ್ನು ಹಿಡಿಯುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡನ್ನಾಗಲಿ, ಕಾರ್ಬನ್ ಮಾನಾಕ್ಸೈಡನ್ನಾಗಲಿ ಅದು ತೆಗೆಯಲಾರದು. ಊದುಬತ್ತಿ, ಸೊಳ್ಳೆಬತ್ತಿ, ಒಗ್ಗರಣೆಯ ಹೊಗೆಗಳೂ ಇದೇ ಧೂಳನ್ನು ಮನೆಯೊಳಗೆ ಹುಟ್ಟಿಸುತ್ತವೆಂಬುದನ್ನು ಮರೆಯಬಾರದು.

ಮೇ ತಿಂಗಳ ‘ಲೂ’ ಬೀಸುವಾಗ ಹಗಲಿನಲ್ಲಿ ಮುಚ್ಚಿ ರಾತ್ರಿಯಲ್ಲಿ ತೆರೆಯುವುದು ಸರಿ. ಆದರೆ ಕೂಲರ್ ನಡೆಯುತ್ತಿದ್ದರೆ ಮಾತ್ರ ಅದರ ಎದುರಿನ ಕಿಟಕಿಯನ್ನು ತೆರೆದೇ ಇಡಬೇಕು. ಕೂಲರ್ ಹೊರಗಿನ ಗಾಳಿಯನ್ನು ನೀರಿನಲ್ಲಿ ತಣಿಸಿ ಒಳಗೆ ನೂಕುವ ಸಾಧನ. ಒಳಗಿನ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಕೋಣೆ ತೇವದಿಂದ ತುಂಬಿ ಬೆವರು ಆರುವುದಿಲ್ಲ. ಮಳೆಗಾಲದಲ್ಲಿ ಸೆಕೆಯೂ ತೇವವೂ ಕೂಡಿರುವುದರಿಂದ ಹೆಚ್ಚು ಹೊತ್ತು ತೆರೆದಷ್ಟೂ ಒಳ್ಳೆಯದು. ವರ್ಷದ ಬಹುಕಾಲ ಇಲ್ಲಿ ಗಾಳಿ ಪಶ್ಚಿಮ ಹಾಗೂ ವಾಯವ್ಯದಿಂದ ಬೀಸಿದರೆ, ಮಳೆಗಾಲದಲ್ಲಿ ಪೂರ್ವ ಹಾಗೂ ಆಗ್ನೇಯದಿಂದಲೂ ಬೀಸುತ್ತದೆ. 1996ರಲ್ಲಿ ಈ ನಗರವನ್ನು ಕಂಗೆಡಿಸಿದ ಡೆಂಗೆಯ ಸೊಳ್ಳೆ ಹಗಲಿನಲ್ಲಿಯೇ ಕಚ್ಚುವಂಥದು. ಆದ್ದರಿಂದ ಸೊಳ್ಳೆಪರದೆಯ ಜಾಲರಿ ಇಲ್ಲದ ಕಿಟಕಿ ಅಪೂರ್ಣ. ಕೂಲರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ತೊಟ್ಟಿಯನ್ನು ಉಜ್ಜುವುದೂ ಅಗತ್ಯ.

ಹೊಸ ಕಿಟಕಿ ಇಡಿಸುವವರಿಗೆ

ಮನೆಯನ್ನು ದುರಸ್ತಿ ಮಾಡಿಸುವವರು ಕೆಳಗಿನ ಅಂಶಗಳನ್ನು ಗಮನಿಸಬಹುದು.

1. ಅಳತೆ: 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣ ಸೆಕೆಯ ಪ್ರದೇಶಗಳಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಭಾಗ, ತೇವದ ಸೆಕೆಯ ಪ್ರದೇಶಗಳಲ್ಲಿ ಆರನೆಯ ಒಂದು ಭಾಗ ಕಿಟಕಿ ಇರಬೇಕೆಂದಿತು. 120 ಚದರಡಿಯ ಕೋಣೆಗೆ ಇದು 12ರಿಂದ 20 ಚದರಡಿ. ಎರಡು ಬಗೆಯ ಸೆಕೆಯನ್ನೂ ಅನುಭವಿಸುವ ದೆಹಲಿಗೆ ಇವುಗಳ ನಡುವಿನ 15 ಚದರಡಿ ಯೋಗ್ಯ. ತೆರೆಯುವ ಭಾಗವನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಕು.

2. ಬಗೆ: ಜಾರುವ ಕಿಟಕಿ ಎಷ್ಟೇ ದೊಡ್ಡದಾದರೂ ಒಮ್ಮೆಗೆ ಅರ್ಧ ಮಾತ್ರ ತೆರೆಯುತ್ತದೆ. ಕೀಲಿನ ಮೇಲೆ ಬಾಗಿಲಿನಂತೆ ತೆರೆಯುವ ಕಿಟಕಿ ಪೂರ್ತಿ ಗಾಳಿ ಕೊಡುತ್ತದೆ. ಹೊಸ ಕಿಟಕಿಗೆ ಹಣವಿಲ್ಲದಿದ್ದರೆ ಅಲುಗದ ಗಾಜಿನ ಒಂದು ಚೌಕಕ್ಕೆ ಕೀಲು ಹಾಕಿಸುವುದೇ ಅಗ್ಗದ ಉಪಾಯ.

3. ಎರಡು ದಾರಿ: ಒಂದೇ ಗೋಡೆಯಲ್ಲಿ ಎರಡು ಕಿಟಕಿಗಳಿಗಿಂತ ಎದುರುಬದುರು ಗೋಡೆಗಳಲ್ಲಿ ಒಂದೊಂದು ಲೇಸು. ಎದುರು ಗೋಡೆ ಬಯಲಿಗೆ ತೆರೆಯದಿದ್ದರೆ, ಒಳಬಾಗಿಲಿನ ಮೇಲೆ ತೆರೆಯುವ ಗವಾಕ್ಷಿಯನ್ನಿಟ್ಟು ಮುಂದಿನ ಕೋಣೆಯ ಮೂಲಕ ದಾರಿ ಮಾಡಬಹುದು.

4. ಎತ್ತರ: ಬಿಸಿಗಾಳಿ ಮೇಲೇರುವುದರಿಂದ ಸೂರಿನ ಬಳಿ ಒಂದು ಕಿಂಡಿ ಬೇಕು. ದೆಹಲಿಯ ಹಳೆಯ ಮನೆಗಳ ‘ರೋಶನ್‌ದಾನ್’ ಇದೇ. ಅದನ್ನು ಇಟ್ಟಿಗೆಯಿಂದ ಮುಚ್ಚಿಸಿದವರು ಮತ್ತೆ ತೆರೆಸುವುದು ಲೇಸು.

5. ಜಾಲರಿ: ಇದು ಗಾಳಿಯನ್ನು ಸಾಕಷ್ಟು ತಡೆಯುವುದರಿಂದ ಕಿಟಕಿಯನ್ನು ಒಂದಿಷ್ಟು ದೊಡ್ಡದಾಗಿಸಿ, ಜಾಲರಿಯನ್ನು ತೆಗೆದು ತೊಳೆಯುವಂತೆ ಅಳವಡಿಸಬೇಕು.

6. ಭದ್ರತೆ: ಕಬ್ಬಿಣದ ಗ್ರಿಲ್ಲಿನ ಒಂದು ಭಾಗ ಒಳಗಿನಿಂದ ತೆರೆಯುವಂತಿರಲಿ, ಬೆಂಕಿಯ ಸಮಯದಲ್ಲಿ ಅದೇ ಪ್ರಾಣರಕ್ಷಕ. ಕೀಲಿಕೈ ದೊಡ್ಡವರಿಗೆ ತಿಳಿದಿರುವ, ಮಕ್ಕಳಿಗೆ ಎಟುಕದ ಜಾಗದಲ್ಲಿರಬೇಕು.

7. ಗೋಡೆ: ಭಾರ ಹೊರುವ ಗೋಡೆ, ಕಂಬ, ತೊಲೆಗಳನ್ನು ಇಂಜಿನಿಯರರ ಸಲಹೆಯಿಲ್ಲದೆ ಒಡೆಯಬಾರದು. ದೆಹಲಿ ಭೂಕಂಪದ ನಾಲ್ಕನೆಯ ವಲಯದಲ್ಲಿದೆಯೆಂದು ಬಹುಕಾಲದಿಂದ ಗುರುತಿಸಲ್ಪಟ್ಟ ನಗರ. ಸಂಬಂಧಪಟ್ಟ ಸೊಸೈಟಿಯ ಮತ್ತು ಪ್ರಾಧಿಕಾರದ ಅನುಮತಿಯನ್ನೂ ಪಡೆಯಬೇಕು.

8. ಅಡಿಗೆಮನೆ, ಬಚ್ಚಲು: ಇವೆರಡಕ್ಕೂ ಹೊರಗೆ ಗಾಳಿ ನೂಕುವ ಫ್ಯಾನ್ ಬೇಕು. ಅದು ನಡೆಯುವಾಗ ಇನ್ನೊಂದು ಕಡೆಯ ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಫ್ಯಾನಿನ ಸದ್ದು ಮಾತ್ರ ಲಾಭ.

ಬಾಡಿಗೆಯ ಮನೆಯಲ್ಲಿರುವವರು ಗೋಡೆ ಒಡೆಸಲಾರರು. ಅವರಿಗೂ ಮಾಡಲು ಸಾಧ್ಯವಾದದ್ದು ಉಂಟು. ಕಿಟಕಿಯ ಮುಂದಿನ ಬೀರುವನ್ನು ಸರಿಸುವುದು, ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಡುವುದು, ಮಲಗುವಾಗ ಕೋಣೆಯ ಒಳಬಾಗಿಲನ್ನು ಒರೆಯಾಗಿ ತೆರೆದಿಡುವುದು, ಮಧ್ಯಾಹ್ನ ಮನೆಯಲ್ಲಿರುವ ಹಿರಿಯರಿಗೆ ಕಿಟಕಿ ತೆರೆಯುವ ಹೊತ್ತನ್ನು ಒಪ್ಪಿಸುವುದು, ಇವಕ್ಕೆ ಹಣ ಬೇಕಾಗಿಲ್ಲ. ಊರಿನ ತೊಟ್ಟಿಯನ್ನಾಗಲಿ ಹೆಂಚಿನ ಮಾಡನ್ನಾಗಲಿ ನಾವು ಇಲ್ಲಿಗೆ ತರಲಾರೆವು. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ಎರಡು ಕಿಟಕಿಗಳಿಂದ, ಸ್ವಲ್ಪ ವಿವೇಚನೆಯಿಂದ ಇಲ್ಲಿಯೂ ಮಾಡಿಸಬಹುದು. ಈ ಚಳಿಗಾಲ ಬರುವ ಮೊದಲು ಪ್ರತಿಯೊಂದು ಮನೆಯವರೂ ತಮ್ಮ ಮಲಗುವ ಕೋಣೆಯಲ್ಲಿ ಗಾಳಿ ಬರುವ ದಾರಿ ಯಾವುದು, ಹೋಗುವ ದಾರಿ ಯಾವುದು ಎಂದು ಒಮ್ಮೆ ನಿಂತು ನೋಡಿಕೊಳ್ಳಬೇಕೆಂದು ನಮ್ಮ ವಿನಂತಿ.