ಹದಿಹರೆಯದವರಲ್ಲಿ ಹೆರಾಯಿನ್ ವ್ಯಸನ ಮತ್ತು ಅದರ ಚಿಕಿತ್ಸೆ

ವ್ಯಸನವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಬಿಡಲಾಗದ ಚಟವೂ ವ್ಯಸನ, ದುಃಖವೂ ವ್ಯಸನ. ಮಾದಕ ದ್ರವ್ಯಕ್ಕೆ ಸಿಲುಕಿದ ತರುಣನಲ್ಲಿ ಸಮಾಜವು ಮೊದಲನೆಯದನ್ನು ಮಾತ್ರ ಕಾಣುತ್ತದೆ; ವೈದ್ಯಶಾಸ್ತ್ರವು ಎರಡನ್ನೂ ಕಾಣುತ್ತದೆ. ಈ ವಿಷಯದಲ್ಲಿ ನಾನು ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಸಗಸೆಯ ಕಾಯಿಯ ಹಾಲಿನಿಂದ ಅಫೀಮು, ಅಫೀಮಿನಿಂದ ಮಾರ್ಫಿನ್, ಮಾರ್ಫಿನ್ನಿನಿಂದ ಹೆರಾಯಿನ್, ಇದು ಅದರ ವಂಶಾವಳಿ. 1874ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಆಲ್ಡರ್ ರೈಟ್ ಇದನ್ನು ಮೊದಲು ತಯಾರಿಸಿದನು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿಯು ಇದನ್ನೇ ಕೆಮ್ಮಿನ ಔಷಧವೆಂದು ಮಾರಾಟಕ್ಕೆ ತಂದಿತು. ಔಷಧವೆಂದು ಬಂದದ್ದು ವಿಷವಾದ ಬಗೆ ಹೀಗೆ.

ಇದು ದೇಹದಲ್ಲಿ ಮಾಡುವ ಕೆಲಸವನ್ನು ನಮ್ಮ ಸೀಮೆಯ ಒಂದು ಉಪಮಾನದಿಂದ ಹೇಳಬಹುದು. ನೋವನ್ನು ತಗ್ಗಿಸಿ ನೆಮ್ಮದಿಯನ್ನು ಕೊಡುವ ರಸಗಳನ್ನು ನಮ್ಮ ಮೆದುಳು ತಾನಾಗಿಯೇ ಸ್ರವಿಸುತ್ತದೆ. ಹೊರಗಿನಿಂದ ಹೆರಾಯಿನ್ ಧಾರಾಳವಾಗಿ ಬರತೊಡಗಿದರೆ ಆ ಸ್ವಾಭಾವಿಕ ವ್ಯವಸ್ಥೆ ಮಂಕಾಗುತ್ತದೆ. ಕಾಲುವೆಯ ನೀರು ಬಂತೆಂದು ಹೊಲದ ಬಾವಿಯನ್ನು ಹೂಳು ತುಂಬಲು ಬಿಟ್ಟ ರೈತನ ಸ್ಥಿತಿ ಅದು. ಕಾಲುವೆ ನಿಂತ ದಿನ ಬಾವಿಯಲ್ಲಿಯೂ ನೀರಿಲ್ಲ. ಕಡೆಯ ಸೇವನೆಯಾದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಮೈನೋವು, ಬೆವರು, ವಾಂತಿ, ಭೇದಿ, ನಿದ್ರಾಹೀನತೆ ಆರಂಭವಾಗಿ, ಎರಡು ಮೂರು ದಿನಗಳಲ್ಲಿ ಉಲ್ಬಣಿಸಿ, ವಾರದೊಳಗೆ ಬಹುಮಟ್ಟಿಗೆ ಶಮನವಾಗುತ್ತವೆ. ಆದರೆ ಹೂಳೆತ್ತುವ ಕೆಲಸಕ್ಕೆ ವಾರ ಸಾಲದು. ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕು.

ಹದಿಹರೆಯದಲ್ಲಿ ಅಪಾಯವು ಹೆಚ್ಚು. ಮುಂದಾಲೋಚನೆ ಮಾಡಿ ಆಸೆಯನ್ನು ತಡೆಯತಕ್ಕ ಮೆದುಳಿನ ಮುಂಭಾಗವು ಸುಮಾರು ಇಪ್ಪತ್ತೈದರ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅಫೀಮು, ಹೆರಾಯಿನ್ ಮತ್ತು ಆ ಜಾತಿಯ ಔಷಧಗಳನ್ನು ಸೇವಿಸುವವರು ಜನಸಂಖ್ಯೆಯ ಸುಮಾರು ನೂರಕ್ಕೆ 2.1ರಷ್ಟು. ಇದನ್ನು ದೂರದ ಪಂಜಾಬಿನ ಅಥವಾ ಮುಂಬಯಿಯ ಮಾತೆಂದು ತಳ್ಳಿಹಾಕುವಂತಿಲ್ಲ. ನೋವಿನ ಮಾತ್ರೆಗಳ ರೂಪದಲ್ಲಿ ಇದೇ ಜಾತಿಯ ದ್ರವ್ಯವು ಯಾವ ಊರಿಗಾದರೂ ತಲುಪಬಲ್ಲದು.

ಇನ್ನು ಚಿಕಿತ್ಸೆಯ ವಿಚಾರ. ನಮ್ಮ ರಾರಾವಿಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿದರೆ, "ನಾಲ್ಕು ದಿನ ಕೋಣೆಯಾಗ ಕೂಡಿಹಾಕ್ರಿ, ದೇವರ ಮುಂದ ಆಣೆ ಮಾಡಿಸ್ರಿ, ತಾನಾಗೇ ಬಿಡ್ತಾನ" ಎಂದಾರು. ಅವರ ಕಳಕಳಿ ನಿಜವಾದುದು. ಉಪಾಯ ಮಾತ್ರ ಅಪಾಯಕರ. ಕೆಲವು ದಿನ ಬಿಟ್ಟವನ ದೇಹವು ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಆಸೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಅವನು ಹೊರಬಂದು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರಾಟ ನಿಂತು ಸಾಯುವ ಸಂಭವವುಂಟು.

ಆದುದರಿಂದಲೇ ವೈದ್ಯರು ಬೇರೆ ದಾರಿಯನ್ನು ಹುಡುಕಿದರು. 1965ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನೈಸ್ವಾಂಡರ್ ಎಂಬ ವೈದ್ಯರು ಮೆಥಡೋನ್ ಔಷಧವನ್ನು ದೀರ್ಘಕಾಲ ಕೊಟ್ಟು ರೋಗಿಗಳನ್ನು ದುಡಿಮೆಗೆ ಮರಳಿಸಬಹುದೆಂದು ಪ್ರಕಟಿಸಿದರು. ಮುಂದೆ ಬ್ಯೂಪ್ರಿನಾರ್ಫಿನ್ ಬಂದಿತು. ಇದು ನಾಲಿಗೆಯ ಕೆಳಗಿಡುವ ಮಾತ್ರೆ. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 15ರಿಂದ 21 ವರ್ಷದ 152 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಎರಡು ವಾರಗಳಲ್ಲಿ ಔಷಧವನ್ನು ಇಳಿಸಿ ನಿಲ್ಲಿಸಿದ ಗುಂಪಿನಲ್ಲಿ ಹನ್ನೆರಡನೆಯ ವಾರಕ್ಕೆ ಚಿಕಿತ್ಸೆಯಲ್ಲಿ ಉಳಿದವರು ನೂರಕ್ಕೆ ಸುಮಾರು 20. ಮುಂದುವರಿಸಿದ ಗುಂಪಿನಲ್ಲಿ 70. 2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವು ಹದಿಹರೆಯದವರಿಗೂ ಇಂಥ ಔಷಧೋಪಚಾರ ದೊರೆಯಬೇಕೆಂದು ಸ್ಪಷ್ಟವಾಗಿ ಸಾರಿತು.

"ಒಂದು ಅಮಲನ್ನು ಬಿಡಿಸಿ ಇನ್ನೊಂದನ್ನು ಹಿಡಿಸಿದಂತಾಗಲಿಲ್ಲವೇ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಹೆರಾಯಿನ್ ದಿನಕ್ಕೆ ಹಲವು ಬಾರಿ ಏರಿ ಇಳಿಯುತ್ತದೆ; ಏರಿದಾಗ ಮೈಮರೆವು, ಇಳಿದಾಗ ಸಂಕಟ. ಈ ಔಷಧವು ನಿಧಾನವಾಗಿ, ಸಮನಾಗಿ ಕೆಲಸ ಮಾಡುತ್ತದೆ. ಹುಡುಗನು ಎಚ್ಚರವಾಗಿದ್ದು ಪಾಠ ಕೇಳಬಲ್ಲನು, ಊಟ ಮಾಡಬಲ್ಲನು, ನಿದ್ರಿಸಬಲ್ಲನು. ಆದರೂ ಇದನ್ನು ವೈದ್ಯರ ಅಪ್ಪಣೆಯಿಲ್ಲದೆ ಕೊಳ್ಳತಕ್ಕದ್ದಲ್ಲ. ಹೆರಾಯಿನ್ನಿನ ಪ್ರಭಾವ ಇಳಿಯುವ ಮೊದಲೇ ಕೊಟ್ಟರೆ ಸಂಕಟವು ಇಮ್ಮಡಿಸುತ್ತದೆ. ಔಷಧದ ಜೊತೆಗೆ ಆಪ್ತ ಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಖಿನ್ನತೆ ಇದ್ದರೆ ಅದಕ್ಕೆ ಉಪಚಾರ, ಓದಿಗೆ ಮರಳುವ ಏರ್ಪಾಡು ಇವೆಲ್ಲವೂ ಬೇಕು.

ಇಲ್ಲಿ ನಮ್ಮ ಜಿಲ್ಲೆಯ ಒಂದು ಹೆಮ್ಮೆಯ ಸಂಗತಿಯನ್ನು ನೆನೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳಿಂದ ಮನೋರೋಗ ಹಾಗೂ ಮೂರ್ಛೆರೋಗಗಳಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ದೊರಕಿಸಲಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು.

ಈ ಮಾದರಿಯ ಪಾಠ ವ್ಯಸನಕ್ಕೂ ಅನ್ವಯಿಸುತ್ತದೆಂದು ನನ್ನ ನಮ್ರ ಅಭಿಪ್ರಾಯ. ಆರಂಭದ ದಿನಗಳಲ್ಲಿ ಮಾತ್ರೆಯನ್ನು ವೈದ್ಯರ ಕಣ್ಣೆದುರಿಗೆ, ಹಲವು ವೇಳೆ ದಿನವೂ ಕೊಡಬೇಕಾಗುತ್ತದೆ. ಹಗರಿಯ ದಂಡೆಯ ಒಬ್ಬ ಕೂಲಿಕಾರನು ಮಗನನ್ನು ಕರೆದುಕೊಂಡು ದಿನವೂ ಸಿರುಗುಪ್ಪ ದಾಟಿ ಬಳ್ಳಾರಿಗೆ ಹೋಗಿಬರಬೇಕಾದರೆ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಬಂತು. ಅವನು ಮೂರನೆಯ ದಿನವೇ ಬಿಟ್ಟರೆ ತಪ್ಪು ಅವನದೆನ್ನಲಾದೀತೇ? ತಾಲ್ಲೂಕು ಆಸ್ಪತ್ರೆಯಲ್ಲಿಯೇ ಈ ಚಿಕಿತ್ಸೆ ನಡೆದರೆ ಮಾತ್ರ ಅದು ಬಡವರ ಪಾಲಿಗೆ ಚಿಕಿತ್ಸೆಯೆನಿಸೀತು.

ಹೆದರಿಕೆಯೂ ಒಂದು ದೊಡ್ಡ ಅಡ್ಡಿ. "ಪೊಲೀಸರಿಗೆ ತಿಳಿದರೆ?" ಎಂದು ತಾಯಂದಿರು ರೋಗವನ್ನು ಮುಚ್ಚಿಡುತ್ತಾರೆ. 1985ರ ಮಾದಕ ದ್ರವ್ಯ ಕಾಯಿದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮಕ್ಕಳಿಗೆ ಮಾದಕ ದ್ರವ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಂತೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ದಾಖಲಾದ ಬಾಲಕರನ್ನು ದೊಡ್ಡವರಿಂದ ಪ್ರತ್ಯೇಕವಾಗಿ ಇರಿಸತಕ್ಕದ್ದು. ಸಲಹೆಗಾಗಿ ಟೆಲಿ ಮಾನಸ್ 14416 ಹಾಗೂ ವ್ಯಸನಮುಕ್ತಿ ಸಹಾಯವಾಣಿ 14446 ಇವೆ.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೇನು? ಗೆಳೆಯನೊಬ್ಬ ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಕರೆದರೆ ಏಳದೆ ಬಿದ್ದಿದ್ದರೆ, ಅವನನ್ನು ಮಗ್ಗುಲಿಗೆ ಹೊರಳಿಸಿ ಕೂಡಲೇ 108ಕ್ಕೆ ಕರೆ ಮಾಡಬೇಕು. ಏನು ತೆಗೆದುಕೊಂಡಿದ್ದಾನೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ನಲೋಕ್ಸೋನ್ ಎಂಬ ಔಷಧವು ಅಂಥವನ ಉಸಿರನ್ನು ನಿಮಿಷಗಳಲ್ಲಿ ಮರಳಿಸಬಲ್ಲದು. ಬಿಟ್ಟು ಮತ್ತೆ ಹಿಡಿದವನನ್ನು ಹಂಗಿಸದೆ, ಮತ್ತೆ ಆಸ್ಪತ್ರೆಯ ದಾರಿ ತೋರಿಸಬೇಕು. ಬಿದ್ದ ಬೆಳೆಯನ್ನು ನೋಡಿ ಹೊಲವನ್ನೇ ಮಾರುವ ರೈತನಿಲ್ಲ. ಮರುವರ್ಷವೂ ಅವನು ಬಿತ್ತುತ್ತಾನೆ. ನಮ್ಮ ಜೊತೆಯ ಹುಡುಗರ ವಿಷಯದಲ್ಲಿ ಅಷ್ಟು ತಾಳ್ಮೆಯಾದರೂ ನಮಗಿರಲಿ.