ನೀರಿನ ಗಿರಣಿ ಮತ್ತು 2 ಮೀಟರ್ ಎತ್ತರದ ಬೆಲೆ

ನಂಜನಗೂಡಿನ ಕಡೆಯಿಂದ ಬರುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಇಷ್ಟು ನೀರಿದ್ದೂ ಈ ಕಡೆ ಹಳೇ ಮನೆಗಳಲ್ಲಿ ಕಾಣೋದು ಬೀಸುವ ಕಲ್ಲು, ನೀರಿನ ಗಿರಣಿ ಅಲ್ಲ. ಯಾಕೆ?

ಮೊದಲು ಗಿರಣಿಯ ರಚನೆ ನೋಡೋಣ. ಹಿಮಾಲಯದ ಹಳ್ಳಿಗಳ 'ಘರಾಟ್' ತುಂಬ ಸರಳ. ಮರದ ದೋಣಿಯಲ್ಲಿ ಜಾರಿ ಬರುವ ನೀರು ಅಡ್ಡಡ್ಡ ಮಲಗಿಸಿದ ಚಕ್ರದ ರೆಕ್ಕೆಗಳಿಗೆ ಬಡಿಯುತ್ತೆ. ಚಕ್ರದಿಂದ ನೆಟ್ಟಗೆ ಮೇಲೆದ್ದ ಕಂಬ ಕೆಳಗಲ್ಲಿನ ತೂತಿನ ಮೂಲಕ ಹಾದು ಮೇಲ್ಗಲ್ಲನ್ನು ತಿರುಗಿಸುತ್ತೆ. ಗೇರ್ ಇಲ್ಲವೇ ಇಲ್ಲ. ಚಕ್ರ ಒಂದು ಸುತ್ತು, ಕಲ್ಲೂ ಒಂದು ಸುತ್ತು.

ಈಗ ಲೆಕ್ಕ. ಸೆಕೆಂಡಿಗೆ 100 ಲೀಟರ್ ನೀರು 2 ಮೀಟರ್ ಬಿದ್ದರೆ ಸುಮಾರು 2 ಕಿಲೋವ್ಯಾಟ್. ಅರ್ಧ ನಷ್ಟವಾದರೂ 1 ಕಿಲೋವ್ಯಾಟ್ ಕೈಗೆ ಸಿಗುತ್ತೆ. ಒಬ್ಬ ಮನುಷ್ಯ ಬಿಡದೆ ದುಡಿದರೆ ಸುಮಾರು 75 ವ್ಯಾಟ್. ಅಂದ್ರೆ 13 ಜನರ ಕೆಲಸ!

ಆದರೆ ಆ 2 ಮೀಟರ್ ಎಲ್ಲಿಂದ ತರೋದು? ತಲಕಾಡಿಗೂ ಮೇಲೆ, ಹೆಮ್ಮಿಗೆ ಹತ್ತಿರ ಕಾವೇರಿಗೆ ಹಾಕಿರುವ ಹಳೇ ಮಾಧವಮಂತ್ರಿ ಕಟ್ಟೆಯನ್ನೇ ತಗೊಳ್ಳಿ. ಅದು ನದಿಯ ಮಟ್ಟ ಎತ್ತರಿಸಿ ನೀರನ್ನು ಕಾಲುವೆಗೆ ತಿರುಗಿಸುತ್ತೆ. ಕಾಲುವೆ 3000 ಮೀಟರಿಗೆ 1 ಮೀಟರ್ ಇಳಿಯುತ್ತೆ ಅಂದ್ಕೊಳ್ಳಿ. ಆಗ 2 ಮೀಟರ್ ಅಂದ್ರೆ 6 ಕಿ.ಮೀ. ಕಾಲುವೆ. ಗಿರಣಿ ತಿರುಗಿಸಿದ ನೀರು ಖಾಲಿಯಾಗಲ್ಲ, ನಿಜ. ಆದ್ರೆ ಎತ್ತರ ಖಾಲಿಯಾಗುತ್ತೆ. ಮುಂದಿನ ಎತ್ತರದ ಗದ್ದೆಗೆ ಆ ನೀರು ಹತ್ತಲ್ಲ.

ಹಿಂದಿನವರು ಹೀಗೇ ಲೆಕ್ಕ ಹಾಕಿದ್ರು ಅಂತ ನಾನು ಹೇಳ್ತಿಲ್ಲ. ಆದರೆ ಆದದ್ದು ಇಷ್ಟು: ನದಿಯ ಎತ್ತರ ಭತ್ತಕ್ಕೆ ಹೋಯ್ತು, ರಾಗಿ ಬೀಸೋ ಕೆಲಸ ಹೆಂಗಸರ ತೋಳಿಗೆ ಬಿತ್ತು. ನಸುಕಿಗೇ ಎದ್ದು ಬೀಸುತ್ತಾ ಅವರು ಕಟ್ಟಿದ ಹಾಡುಗಳನ್ನು ನಾವು ಜನಪದ ಸಾಹಿತ್ಯ ಅಂತ ಓದ್ತೀವಿ. ಆ ಹಾಡಿನ ಹಿಂದೆ ದಿನಾ ಸುರಿದ ಬೆವರೂ ಇದೆ.

ಇದೇ ಕಾವೇರಿ ಕೆಳಗೆ ಶಿವನಸಮುದ್ರದಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಅಲ್ಲಿ ಎತ್ತರವನ್ನು ಯಾವ ಗದ್ದೆಯಿಂದಲೂ ಕಿತ್ತುಕೊಳ್ಳಬೇಕಿರಲಿಲ್ಲ. 1902ರಲ್ಲಿ ಅಲ್ಲಿ ಟರ್ಬೈನ್ ತಿರುಗಿತು. ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಹಳ್ಳಿಯ ಹಿಟ್ಟಿನ ಗಿರಣಿ ಇನ್ನೂ ಕಾಯಬೇಕಿತ್ತು.

ಮುಂದಿನ ಸಲ ತಲಕಾಡಿಗೆ ಹೋದಾಗ ಮರಳು, ದೇವಸ್ಥಾನ ನೋಡಿ ವಾಪಸ್ ಬರಬೇಡಿ. ಕಟ್ಟೆಯ ಹತ್ತಿರವೂ ಹೋಗಿ ನಿಲ್ಲಿ. ಎಷ್ಟು ನೀರು, ಎಷ್ಟು ಎತ್ತರ ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳ್ಕೊಳ್ಳಿ: ಈ ಎತ್ತರ ಯಾರ ಪಾಲಿಗೆ?