ಮಂಗಳೂರಿಗೆ ಹೊಂಟೀಯಂತಲ್ಲ, ತಮ್ಮಾ

ಶುಕ್ರವಾರ ಸಂಜೆ ಬಸ್ಸು ಹತ್ತುತ್ತೀ ಎಂದು ನಿಮ್ಮವ್ವ ಶಹಾಬಜಾರ ನಾಕಾದ ಹತ್ತಿರ ಸಿಕ್ಕಾಗ ಹೇಳಿದಳು. ಹಾಸ್ಟೆಲ್ಲಿನಲ್ಲಿ ಜೊತೆಗಿದ್ದ ಗೆಳೆಯರಿಬ್ಬರು ಮಂಗಳೂರಿನಲ್ಲಿದ್ದಾರೆ, ನೀನು ಸೋಮವಾರ ತಿರುಗಿ ಡ್ಯೂಟಿಗೆ ಹಾಜರ್ ಎಂದಳು. ನೋಡಬೇಕಾದ ಜಾಗಗಳ ಪಟ್ಟಿ ಮೊಬೈಲಿನಲ್ಲಿ ಬರೆದಿಟ್ಟಿದ್ದೀಯಂತೆ, ಹದಿಮೂರು! ನಮ್ಮ ಕಲಬುರಗಿಯಿಂದ ಮಂಗಳೂರು 600 ಕಿಲೋಮೀಟರ್ ದಾಟುತ್ತದೆ. ಹೋಗುವ ರಾತ್ರಿ, ಬರುವ ರಾತ್ರಿ ಕಳೆದರೆ ಕೈಗುಳಿಯುವುದು ಒಂದೂವರೆ ದಿನ. ಅದರಲ್ಲಿ ಹದಿಮೂರು ಜಾಗ ಸುತ್ತುವವನು ಗೆಳೆಯರ ಮುಖ ನೋಡುವುದು ಯಾವಾಗ?

ಈ ತಪ್ಪು ನಾನೇ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅದು ಶುರುವಾದದ್ದು ಬ್ಯಾಂಕಿನವನೊಬ್ಬನಿಂದ. ಅವಿಭಜಿತ ದಕ್ಷಿಣ ಕನ್ನಡವೊಂದರಲ್ಲೇ ಐದು ದೊಡ್ಡ ಬ್ಯಾಂಕು ಹುಟ್ಟಿದವು, 1906ರ ಕೆನರಾ, ಕಾರ್ಪೊರೇಷನ್ನಿಂದ ಹಿಡಿದು 1931ರ ವಿಜಯಾ ತನಕ. ಹಾಗಾಗಿ ನಮ್ಮ ಕಡೆಯ ಶಾಖೆಗಳಲ್ಲಿ ಕೌಂಟರಿನ ಹಿಂದೆ ಆ ಕಡೆಯವರೇ ಕೂತಿರುತ್ತಿದ್ದ ಕಾಲವೊಂದಿತ್ತು. ಅಂಥ ಗುಮಾಸ್ತನೊಬ್ಬ ನಮ್ಮ ಮನೆಯ ಮ್ಯಾಲಿನ ಕೋಣೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದ. ಮೊದಲ ವಾರ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ಒದ್ದಾಡಿದವನು, ವರ್ಗವಾಗಿ ಹೋಗುವಾಗ ನಿಮ್ಮ ಕಾಕುವಿನ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋದ.

ಮುಂದೊಂದು ಮಳೆಗಾಲದಲ್ಲಿ ನಾನು ಅವನ ಊರಿಗೆ, ಅದೇ ಮಂಗಳೂರಿಗೆ, ಹೋದೆ. ಬಸ್ಸಿಳಿದವನು ಸೀದಾ ಅವನ ಮನೆಗೆ ಹೋದೆನೇ? ಇಲ್ಲ. ಸುಲ್ತಾನ್ ಬತ್ತೇರಿ, ಕದ್ರಿ, ಚರ್ಚು ಎಂದು ಆಟೋದಲ್ಲಿ ಸುತ್ತಿ, ಹೋಟೆಲಿನಲ್ಲಿ ಉಂಡು, ಸಂಜೆ ನಾಲ್ಕಕ್ಕೆ ಅವನ ಅಂಗಳದಲ್ಲಿ ನಿಂತೆ. ರಾತ್ರಿ ಬಸ್ಸಿಗೆ ಟಿಕೆಟ್ ಆಗಿತ್ತು. ನಾನು ಸಸ್ಯಾಹಾರಿ ಎಂದು ಅವನ ತಾಯಿ ಹಿಂದಿನ ದಿನವೇ ಅಕ್ಕಿ ನೆನೆಹಾಕಿ, ಮಸಾಲೆ ಅರೆದು, ಕೆಸುವಿನ ಎಲೆಗೆ ಸವರಿ, ಸುರುಳಿ ಸುತ್ತಿ, ಬೇಯಿಸಿ ಪತ್ರೊಡೆ ಮಾಡಿಟ್ಟಿದ್ದರು. ನಾನು ಬಾಗಿಲಲ್ಲೇ "ಊಟ ಆಗ್ಯಾದ್ರಿ" ಎಂದೆ. ಆ ತಾಯಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಡಬ್ಬಿಗೆ ತುಂಬಿ ತಂದುಕೊಟ್ಟರು. ಬಸ್ಸು ಘಾಟಿ ಹತ್ತುವಾಗ ಕತ್ತಲಲ್ಲಿ ಒಬ್ಬನೇ ಕೂತು ತಿಂದೆ. ಅಷ್ಟು ರುಚಿಯಾದದ್ದನ್ನು ಅಷ್ಟು ನಾಚಿಕೆಯಿಂದ ತಿಂದದ್ದು ಅದೊಂದೇ ಸಲ.

ಅದಕ್ಕೆ ತಮ್ಮಾ, ಯಾವ ಹೊತ್ತಿನ ಊಟಕ್ಕೆ ಬರುತ್ತೀ ಎಂದು ಇವತ್ತೇ ಫೋನ್ ಮಾಡು. ಮೀನು ತಿನ್ನುತ್ತೀಯೋ ಇಲ್ಲವೋ ಅದನ್ನೂ ಹೇಳು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮೀನು ತುಟ್ಟಿ, ಆದರೂ ನಿನಗಾಗಿ ತರುತ್ತಾರೆ. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ ದಪ್ಪಗೆ ಕಂಡರೆ ಮೂಗು ಮುರಿಯಬೇಡ, ನಮ್ಮ ರೊಟ್ಟಿಯನ್ನು ನುಂಗಿದವರು ಅವರು. ಕೋರಿರೊಟ್ಟಿ ಕೊಟ್ಟರೆ ಹೆದರುವುದೇ ಬೇಡ. ಅಕ್ಕಿಯದಾದರೂ ಅದು ನಮ್ಮ ಖಡಕ್ ರೊಟ್ಟಿಯ ಹಾಗೆಯೇ ಕಟಕಟ ಮುರಿಯುತ್ತದೆ. ಕೋಳಿ ಸಾರು ಹಾಕಿ ನೆನೆಸಿ ತಿನ್ನಬೇಕು.

ಇನ್ನು ನಾಲಿಗೆ. ನಮ್ಮಲ್ಲಿ "ಏನ್ಲೇ, ಬಾರಲೇ" ಎಂದರೆ ಪ್ರೀತಿ. ಅಲ್ಲಿ ಗೆಳೆಯನ ತಂಗಿಯ ಎದುರು, ಅಪ್ಪನ ಎದುರು ಹಾಗೆ ಕೂಗಿದರೆ ಮನೆಯೆಲ್ಲ ತಿರುಗಿ ನೋಡುತ್ತದೆ. ಅವರು ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ ಏನಾದರೂ ಮಾತಾಡಿಕೊಳ್ಳಲಿ, ನಿನ್ನ ಕೂಡ ಪುಸ್ತಕದ ಹಾಗೆ ಬಿಡಿಸಿ ಕನ್ನಡ ಮಾತಾಡುತ್ತಾರೆ. ಅದನ್ನು ಅಣಕಿಸಬೇಡ.

ಊರು ನೋಡಲೇಬಾರದೇ ಎಂದರೆ, ನೋಡು. ಒಂದು ಮುಂಜಾನೆ ಸಾಕು, ಅದೂ ಗೆಳೆಯನ ಗಾಡಿಯಲ್ಲಿ, ಅವನು ಆರಿಸಿದ ಕಡೆಗೆ. ನನ್ನನ್ನು ಕೇಳಿದರೆ ಎರಡೇ ಹೇಳುತ್ತೇನೆ. ಸಂತ ಅಲೋಶಿಯಸ್ ಕಾಲೇಜಿನ ಚರ್ಚು ಒಂದು: ಇಟಲಿಯಿಂದ ಬಂದ ಮೊಸ್ಕೇನಿ ಅದರ ಗೋಡೆ, ಚಾವಣಿಯ ತುಂಬ ಚಿತ್ರ ಬಿಡಿಸಿದ್ದಾನೆ. ಇನ್ನೊಂದು ಬಲ್ಮಠ, ಬಾಸೆಲ್ ಮಿಷನ್ನಿನವರ ಜಾಗ. ಮೊಗ್ಲಿಂಗ್ ಸಾಹೇಬರು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದು ಆ ಊರಿನಲ್ಲಿ. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ನಮ್ಮ ಮಳಖೇಡದಲ್ಲಿ 'ಕವಿರಾಜಮಾರ್ಗ' ಹುಟ್ಟಿತೆಂದು ನಾವು ಎದೆಯುಬ್ಬಿಸುತ್ತೇವೆ, ಸರಿಯೇ. ಕನ್ನಡದ ಮಾತುಗಳಿಗೆ ಅರ್ಥ ಕೊಟ್ಟು ನಿಘಂಟಿನಲ್ಲಿ ಕೂಡಿಸಿಟ್ಟವರು ಜರ್ಮನಿಯಿಂದ ಬಂದವರು ಎಂಬುದೂ ನೆನಪಿರಲಿ.

ಕೋಟೆ, ಬತ್ತೇರಿ ಬಿಟ್ಟರೂ ನಡೆಯುತ್ತದೆ. ನಮ್ಮ ಓಣಿಯ ಬಹಮನಿ ಕಾಲದ ಮಸೀದಿಯನ್ನೇ ಒಳಹೊಕ್ಕು ನೋಡದ ನಿನಗೆ ಅಲ್ಲಿಯ ಇತಿಹಾಸದ ಮೇಲೆ ಒಮ್ಮೆಲೇ ಎಲ್ಲಿಂದ ಪ್ರೀತಿ ಉಕ್ಕಿತೋ! ಸಿಟ್ಟಾಗಬೇಡ. ಸಮುದ್ರಕ್ಕೆ ಮಾತ್ರ ಗೆಳೆಯನಿಲ್ಲದೆ ಇಳಿಯಬೇಡ. ನಾವು ಬಾವಿಯಲ್ಲಿ ಈಜು ಕಲಿತವರು, ಅಲೆಯ ಎಳೆತ ನಮಗೆ ತಿಳಿಯದು. ಕಾವಲಿನವರು ಬೇಡ ಎಂದರೆ ಬೇಡ.

ಬರಿಗೈಲಿ ಹೋಗಬೇಡ. ಬೇಕರಿಯ ಡಬ್ಬಿ ಅಲ್ಲೂ ಸಿಗುತ್ತದೆ. ಎರಡು ಕಿಲೋ ನಮ್ಮ ತೊಗರಿಬೇಳೆ ಒಯ್ಯಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಬೇಳೆ ಅದು, ಅವರ ಸಾಂಬಾರಿಗೂ ಒಗ್ಗುತ್ತದೆ. ಕಮಲಾಪುರದ ಕೆಂಪು ಬಾಳೆಯನ್ನು ಗುರುವಾರವೇ ತರಿಸು. ಪೂರ್ತಿ ಹಣ್ಣಾದದ್ದು ಬೇಡ, ಬಸ್ಸಿನಲ್ಲಿ ಜಜ್ಜಿ ಹೋಗುತ್ತದೆ. ಬಲಿತ ಕಾಯಿ ಒಯ್ಯಿ, ಅವರ ಮನೆಯಲ್ಲೇ ಹಣ್ಣಾಗಲಿ, ನೀನು ತಿರುಗಿ ಬಂದ ಮೇಲೂ ಎರಡು ದಿನ ನಿನ್ನ ಮಾತಾಡುತ್ತಾರೆ.

ಬರುವಾಗ ಅವರನ್ನು ಕರೆಯದೆ ಬರಬೇಡ. ಮೇ ತಿಂಗಳಿಗೆ ಮಾತ್ರ ಕರೆಯಬೇಡ, ಪಾಪ, ನಮ್ಮ ಬಿಸಿಲಿಗೆ ಬಾಡಿಹೋಗುತ್ತಾರೆ. ಎಳ್ಳಮಾವಾಸ್ಯೆಗೆ ಬರಲಿ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಣ್ಣಲಿ. ಮ್ಯಾಲಿನ ಕೋಣೆ ಖಾಲಿಯಿದೆ, ಕೀಲಿ ನಿಮ್ಮ ಕಾಕುವಿನ ಹತ್ತಿರ ಇದೆ.